ಮೂಲೆಯ ಸುದ್ದಿ

ವೃತ್ತಪತ್ರಿಕೆಯನ್ನು ಓದತಕ್ಕವರಲ್ಲಿ ನಾನಾ ಬಗೆಯವರುಂಟು. ಕೆಲವರು ಮೊದಲು ರಾಜಕಾರಣವನ್ನು ಓದುತ್ತಾರೆ. ಕೆಲವರು ಪೇಟೆಯ ಧಾರಣೆಯನ್ನು. ನನ್ನ ವಯಸ್ಸಿನವರಲ್ಲಿ ಬಹುಮಂದಿ ನಿಧನವಾರ್ತೆಯನ್ನು. ನಾನು ಮೊದಲು ಹುಡುಕುವುದು ಮೂಲೆಯ ಸುದ್ದಿಯನ್ನು. ಮೂಲೆಯ ಸುದ್ದಿಯೆಂದರೆ, ದೊಡ್ಡ ಸುದ್ದಿಗಳೆಲ್ಲ ತಮ್ಮ ತಮ್ಮ ಪೀಠಗಳಲ್ಲಿ ಕುಳಿತ ಮೇಲೆ ಉಳಿದ ನಾಲ್ಕಂಗುಲ ಜಾಗಕ್ಕೆ ಪತ್ರಿಕೆಯವರು ತುಂಬುವ ಹತ್ತು ಹನ್ನೆರಡು ಸಾಲು. ಮದುವೆಯ ಮನೆಯಲ್ಲಿ ಕಂಬದ ಮರೆಗೆ ಕುಳಿತ ಬಡನೆಂಟನ ಸ್ಥಿತಿ ಅದರದು. ಆದರೆ ಮಾತನಾಡಿಸಿ ನೋಡಿದರೆ ಊರಿನ ಸ್ವಾರಸ್ಯವೆಲ್ಲ ಗೊತ್ತಿರುವುದು ಆ ನೆಂಟನಿಗೇ.

ಇಂಥ ಸುದ್ದಿಗಳನ್ನು ಕತ್ತರಿಸಿ ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಅಂಟಿಸಿಡುವುದು ನನಗೆ ಬಹುಕಾಲದ ಚಾಳಿ. ನಮ್ಮ ಮನೆಯಾಕೆ ಅದಕ್ಕೆ ‘ಕಸದ ಕಡತ’ವೆಂದು ನಾಮಕರಣ ಮಾಡಿದ್ದಾಳೆ. ಅದನ್ನು ಬಿಡಿಸಿದರೆ, ಕೇರಳದ ಕೃಷಿ ವಿಶ್ವವಿದ್ಯಾಲಯದ ಇಬ್ಬರು ವಿದ್ವಾಂಸರು ಆನೆಯ ಮೈಯ ಒಟ್ಟು ವಿಸ್ತೀರ್ಣವನ್ನು ಲೆಕ್ಕಹಾಕುವ ಬಗೆಯನ್ನು ಕುರಿತು ಲೇಖನ ಬರೆದು, ಜನರನ್ನು ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆಂದು ಕೊಡುವ ಇಗ್ ನೊಬೆಲ್ ಬಹುಮಾನವನ್ನು 2002ರಲ್ಲಿ ಪಡೆದ ಸುದ್ದಿ ಸಿಕ್ಕುತ್ತದೆ. ಇನ್ನೆರಡು ಹಾಳೆ ಮಗುಚಿದರೆ ಕಿಲೋಗ್ರಾಮಿನ ಸುದ್ದಿ. 1889ರಿಂದ ಪ್ಯಾರಿಸ್ಸಿನ ಬಳಿ ಗಾಜಿನ ಮುಚ್ಚಳಗಳ ಒಳಗೆ ಕುಳಿತು ಜಗತ್ತಿನ ತೂಕಗಳಿಗೆಲ್ಲ ಪ್ರಮಾಣವಾಗಿದ್ದ ಪ್ಲಾಟಿನಂ-ಇರಿಡಿಯಂ ಲೋಹದ ಗುಂಡಿಗೆ 2019ರ ಮೇ 20ರಂದು ನಿವೃತ್ತಿಯಾಯಿತು. ಅಂದಿನಿಂದ ಪ್ಲ್ಯಾಂಕನ ಸ್ಥಿರಾಂಕವೆಂಬ ಒಂದು ಸಂಖ್ಯೆಯೇ ತೂಕಕ್ಕೆ ಆಧಾರ. ಈ ವರ್ತಮಾನವನ್ನು ನಾನು ಬಹು ಉತ್ಸಾಹದಿಂದ ನಮ್ಮ ಬೀದಿಯ ಅಂಗಡಿಯವರಿಗೆ ತಿಳಿಸಿದೆ. ಅವರು ಬೇಳೆಯನ್ನು ತೂಗುತ್ತಿದ್ದ ಕೈಯನ್ನು ನಿಲ್ಲಿಸಿ, “ಹೊಸ ಕಿಲೋ ಹಳೇದಕ್ಕಿಂತ ಹೆಚ್ಚೋ ಕಮ್ಮಿಯೋ, ಅದನ್ನು ಹೇಳಿ ಸ್ವಾಮಿ” ಎಂದರು. ಎರಡೂ ಅಲ್ಲವೆಂದೆ. “ಹಾಗಾದರೆ ನಮಗೇನು?” ಎಂದು ತಕ್ಕಡಿಯ ಕಡೆಗೆ ತಿರುಗಿದರು.

ನಾನು ಈಗ ಹೇಳಹೊರಟಿರುವುದು 2023ರ ಅಕ್ಟೋಬರಿನಲ್ಲಿ ಅಂಟಿಸಿದ ಒಂದು ತುಣುಕಿನ ವಿಷಯ. ಅಮೆರಿಕದ ದಕ್ಷಿಣ ಕೆರೊಲಿನದಲ್ಲಿ ಎಡ್ ಕರೀ ಎಂಬಾತ ಬೆಳೆಸಿದ ‘ಪೆಪ್ಪರ್ ಎಕ್ಸ್’ ಎಂಬ ಮೆಣಸಿನಕಾಯಿಗೆ ಪ್ರಪಂಚದಲ್ಲೆಲ್ಲ ಹೆಚ್ಚು ಖಾರವಾದದ್ದೆಂದು ಗಿನ್ನೆಸ್ ದಾಖಲೆ ದೊರೆಯಿತಂತೆ. ಅದರ ಖಾರ 26,93,000 ಸ್ಕೋವಿಲ್ ಮಾನ. ಬೆಳೆಸಿದ ಪುಣ್ಯಾತ್ಮನೇ ಅದನ್ನು ತಿಂದು ಗಂಟೆಗಟ್ಟಲೆ ಉರಿಯಿಂದಲೂ ಹೊಟ್ಟೆಯ ನುಲಿತದಿಂದಲೂ ಒದ್ದಾಡಿದನಂತೆ. ಸ್ಕೋವಿಲ್ ಎಂಬಾತ ಅಮೆರಿಕದ ಒಬ್ಬ ಔಷಧ ಶಾಸ್ತ್ರಜ್ಞ. ಮೆಣಸಿನಕಾಯಿಯ ಸಾರವನ್ನು ಸಕ್ಕರೆಯ ನೀರಿನಲ್ಲಿ ಬೆರೆಸಿ, ರುಚಿ ನೋಡತಕ್ಕವರ ನಾಲಗೆಗೆ ಖಾರವೇ ತಿಳಿಯದಂತಾಗಲು ಎಷ್ಟು ಪಾಲು ನೀರು ಬೇಕಾಯಿತೋ ಅದನ್ನೇ ಖಾರದ ಅಳತೆಯೆಂದು 1912ರಲ್ಲಿ ಗೊತ್ತುಮಾಡಿದನು. ಈಗ ಈ ಅಳತೆಯನ್ನು ಯಂತ್ರಗಳು ಮಾಡುತ್ತವೆ, ನಾಲಗೆಗಳು ಬದುಕಿಕೊಂಡವು. ಬಣ್ಣ ಹೆಚ್ಚು, ಖಾರ ಕಡಮೆ ಎಂದು ಹೆಸರಾಗಿ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದ ನಮ್ಮ ಬ್ಯಾಡಗಿಯ ಮೆಣಸಿನಕಾಯಿಯ ಸಾಧುತ್ವದ ಬೆಲೆ ಇಂಥದನ್ನು ಓದಿದಾಗ ತಿಳಿಯುತ್ತದೆ.

ತುಣುಕನ್ನು ಅಂಟಿಸುವಾಗ ಪಕ್ಕದಲ್ಲಿ ಕುಳಿತಿದ್ದ ಮಗಳ ಮಗಳು, “ತಾತ, ಗಿಳಿ ಮೆಣಸಿನಕಾಯಿ ತಿನ್ನತ್ತಲ್ಲ, ಅದಕ್ಕೆ ಖಾರ ಆಗಲ್ವಾ?” ಎಂದು ಕೇಳಿದಳು. ನನ್ನ ಬಾಲ್ಯದಲ್ಲಿ ಪಕ್ಕದ ಮನೆಯ ಅಜ್ಜಿಯೊಬ್ಬರು ಪಂಜರದಲ್ಲಿ ಗಿಳಿಯನ್ನು ಸಾಕಿದ್ದರು. ಈಗ ಅದು ಕಾನೂನಿಗೆ ವಿರುದ್ಧ. ಹಣ್ಣು ಮೆಣಸಿನಕಾಯಿಯನ್ನು ತಿಂದರೆ ಅದಕ್ಕೆ ನಾಲಗೆ ತಿರುಗಿ ಮಾತು ಬರುತ್ತದೆಯೆಂದು ಆಕೆಯ ನಂಬಿಕೆ. ನಾನೂ ಅದನ್ನೇ ನಂಬಿದ್ದೆ. ಮೊಮ್ಮಗಳಿಗೆ ಅದನ್ನೇ ಹೇಳುವುದರಲ್ಲಿದ್ದವನು, ಅದೇ ಕಡತದಲ್ಲಿ 2021ರ ಇನ್ನೊಂದು ತುಣುಕು ಇದ್ದುದು ನೆನಪಾಗಿ ತಡೆದೆ. ಆ ವರ್ಷದ ವೈದ್ಯಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲುಗೊಂಡ ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿ, ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತುವಿನ ಸಹಾಯದಿಂದಲೇ ನಮ್ಮ ನರಗಳು ಬಿಸಿಯನ್ನು ಅರಿಯುವ ಬಾಗಿಲನ್ನು ಕಂಡುಹಿಡಿದವರು. ಸುಡುವ ಪದಾರ್ಥ ತಾಗಿದಾಗ ತೆರೆದುಕೊಳ್ಳುವ ಬಾಗಿಲೂ ಮೆಣಸಿನಕಾಯಿ ತಾಗಿದಾಗ ತೆರೆದುಕೊಳ್ಳುವ ಬಾಗಿಲೂ ಒಂದೇ. ಆದಕಾರಣ ಖಾರವೆಂಬುದು ಸಿಹಿ ಹುಳಿಗಳಂತೆ ನಾಲಗೆಯ ರುಚಿಯಲ್ಲ, ಬೆಂಕಿಯಿಲ್ಲದ ಸುಡುವಿಕೆ. ಹಕ್ಕಿಗಳಲ್ಲಿಯೂ ಆ ಬಾಗಿಲುಂಟು. ಆದರೆ ಅದಕ್ಕೆ ಈ ಕೀಲಿಕೈ ಹೊಂದುವುದಿಲ್ಲ. ಗಿಳಿಗೆ ಮೆಣಸಿನಕಾಯಿಯೂ ಒಂದು ಹಣ್ಣು, ಅಷ್ಟೆ. ಅದು ಹಣ್ಣನ್ನು ತಿಂದು ಹಾರಿಹೋಗಿ ದೂರದಲ್ಲಿ ಬೀಜವನ್ನು ಬಿತ್ತುತ್ತದೆ. ಅಗೆದು ಬೀಜವನ್ನು ಪುಡಿಮಾಡುವ ಪ್ರಾಣಿಗಳು ಉರಿಗೆ ಹೆದರಿ ದೂರ ಸರಿಯುತ್ತವೆ. ಹೆದರದೆ ಕಣ್ಣೀರು ಸುರಿಸಿಕೊಂಡು ಮತ್ತೆ ಮತ್ತೆ ತಿನ್ನುವ ಪ್ರಾಣಿ ನಾವು.

ಆಯುರ್ವೇದದವರು ಕಟುರಸದಲ್ಲಿ ವಾಯು ಮತ್ತು ಅಗ್ನಿಗಳು ಅಧಿಕವೆಂದು ಹೇಳುತ್ತಾರೆ. ಇದನ್ನು ನೆನೆದು ನನಗೆ ಸಂತೋಷವಾಯಿತು. ಆದರೆ ಎಲ್ಲವೂ ನಮ್ಮ ಶಾಸ್ತ್ರದಲ್ಲಿ ಮೊದಲೇ ಇತ್ತೆಂದು ಮೀಸೆ ತಿರುವುವವರ ಗುಂಪಿಗೆ ವಾಚಕರು ನನ್ನನ್ನು ಸೇರಿಸಬಾರದು. ಏಕೆಂದರೆ ಆ ತಿಂಗಳು ಕಳೆಯುವುದರೊಳಗೆ ನನಗೆ ತಿಳಿದುಬಂದದ್ದು ಇದಕ್ಕೆ ತದ್ವಿರುದ್ಧವಾದ ಸಂಗತಿ.

ನಮ್ಮ ತಾಯಿಯವರ ಶ್ರಾದ್ಧದ ದಿನ. ಅಡಿಗೆಗೆ ಬಂದ ವೃದ್ಧರಾದ ಭಟ್ಟರು ಸಾಮಾನುಗಳನ್ನು ನೋಡುತ್ತ, ಆಲೂಗಡ್ಡೆ, ಟೊಮ್ಯಾಟೊ, ಹುರುಳಿಕಾಯಿ, ಎಲೆಕೋಸುಗಳನ್ನು ಆಚೆಗೆ ಸರಿಸಿ, ಬಾಳೆಕಾಯಿ ಹಾಗಲಕಾಯಿಗಳನ್ನು ಈಚೆಗೆ ಎಳೆದುಕೊಂಡು, “ಮೆಣಸು ಕೊಡಿ, ಜೀರಿಗೆ ಕೊಡಿ. ಮೆಣಸಿನಕಾಯಿ ಕೂಡದು” ಎಂದರು. ಇದೆಲ್ಲ ನಾನು ಹುಟ್ಟಿದಾಗಿನಿಂದ ಕಂಡದ್ದೇ. ಆದರೆ ಹುಡುಗಿ ಬಿಡಲಿಲ್ಲ. ಮೆಣಸಿನಕಾಯಿ ಏಕೆ ಕೂಡದೆಂದು ಕೇಳಿದಳು. ಶಾಸ್ತ್ರವೆಂದು ನಾನು ಗದರಿಸುವುದರಲ್ಲಿದ್ದೆ. ಅಷ್ಟರಲ್ಲಿ ಭಟ್ಟರು ಒಲೆಯ ಕಡೆಯಿಂದ ಮುಖ ತಿರುಗಿಸದೆಯೇ, “ಪಿತೃಗಳಿಗೆ ಅದರ ಪರಿಚಯ ಇಲ್ಲ ಮಗೂ” ಎಂದರು.

ಈ ಒಂದು ಮಾತು ನನ್ನನ್ನು ಅಲ್ಲಾಡಿಸಿಬಿಟ್ಟಿತು. ನಾಲ್ವತ್ತು ವರ್ಷ ಅಮರಕೋಶವನ್ನು ಕಂಠದಲ್ಲಿ ಹೊತ್ತವನು ನಾನು. ಅದರಲ್ಲಿ ಮೆಣಸಿಗೆ ಮರೀಚ, ಕೋಲಕ, ಊಷಣ ಎಂದು ಎಷ್ಟೋ ಹೆಸರುಗಳಿವೆ. ಮೆಣಸಿನಕಾಯಿಗೆ ಒಂದೂ ಇಲ್ಲ. ಇಲ್ಲವೆಂಬುದು ನನಗೆ ಒಂದು ದಿನವೂ ತೋರಿರಲಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿ ಅರಮನೆಯ ಅಡಿಗೆಯನ್ನು ಬಾಯಲ್ಲಿ ನೀರೂರುವಂತೆ ವರ್ಣಿಸಿದ್ದಾನೆ: ಮೆಣಸು, ಜೀರಿಗೆ, ಇಂಗು ಎಲ್ಲ ಬಂದಿವೆ. 16ನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ‘ಸೂಪಶಾಸ್ತ್ರ’ವೆಂದು ಅಡಿಗೆಯ ಗ್ರಂಥವನ್ನೇ ಬರೆದನು. ಅವನ ಒಲೆಯ ಬಳಿಗೂ ಮೆಣಸಿನಕಾಯಿ ಬರಲಿಲ್ಲ. ಬರುವುದು ಹೇಗೆ? ಅದು ಅಮೆರಿಕ ಖಂಡದ ಸಸ್ಯ. 1492ರಲ್ಲಿ ಕೊಲಂಬಸ್ ಹೊರಟದ್ದೂ 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದೂ ನಮ್ಮ ಮೆಣಸು ಮೊದಲಾದ ಸಂಬಾರಗಳ ಆಸೆಯಿಂದ. ಮೆಣಸನ್ನು ಒಯ್ಯಲು ಬಂದ ಪೋರ್ಚುಗೀಸರು ಮೆಣಸಿನಕಾಯಿಯನ್ನು ಇಲ್ಲಿ ಬಿಟ್ಟರು. ಆಲೂಗಡ್ಡೆ, ಟೊಮ್ಯಾಟೊ, ಹುರುಳಿಕಾಯಿ ಇವೂ ಆ ಖಂಡದವೇ. ಶ್ರಾದ್ಧದ ದಿನ ನಿಷಿದ್ಧವಾದದ್ದೆಲ್ಲ ಹೊರಗಿನದೆಂದು ಮಾತ್ರ ತಿಳಿಯಬಾರದು. ಈರುಳ್ಳಿ ಬೆಳ್ಳುಳ್ಳಿಗಳು ಬಹು ಪ್ರಾಚೀನ ಕಾಲದಿಂದ ಇಲ್ಲಿಯವು. ಅವುಗಳನ್ನು ಬಿಡುವುದಕ್ಕೆ ಕಾರಣ ಬೇರೆ. ಮನೆಮನೆಗೂ ಪದ್ಧತಿಯೂ ಬೇರೆ.

ಹೊಸದಾಗಿ ಬಂದದ್ದಕ್ಕೆ ನಮ್ಮ ಹಿರಿಯರು ಹೆಸರಿಟ್ಟ ಜಾಣ್ಮೆಯನ್ನು ನೋಡಿ. ಮೆಣಸಿನಂತೆ ಖಾರವಾದ ಕಾಯಿ ಮೆಣಸಿನಕಾಯಿ. ತಮಿಳರೂ ಹೀಗೆಯೇ ಮಾಡಿದರು. ಇಂಗ್ಲಿಷಿನವರಂತೂ ಎರಡನ್ನೂ ಪೆಪ್ಪರ್ ಎಂದೇ ಕರೆಯುತ್ತಾರೆ. ಬಂದ ಅತಿಥಿ ಮನೆಯನ್ನೆಲ್ಲ ಹೇಗೆ ಆಕ್ರಮಿಸಿತೆಂದರೆ, ಕೊನೆಗೆ ಮನೆಯ ಯಜಮಾನನನ್ನೇ ಬೇರೆ ಗುರುತು ಕೊಟ್ಟು ಕರೆಯಬೇಕಾಯಿತು: ಕೆಲವರು ಕರಿಮೆಣಸೆಂದರು, ಕೆಲವರು ಕಾಳುಮೆಣಸೆಂದರು, ಕರಾವಳಿಯವರು ಒಳ್ಳೆಮೆಣಸೆಂದರು. ತುಳುವಿನ ‘ಎಡ್ಡೆ ಮುಂಚಿ’ಗೂ ಅದೇ ಅರ್ಥ. ಒಳ್ಳೆಯದೆಂದು ಹೊಗಳಿ ಮೂಲೆಯಲ್ಲಿ ಕೂರಿಸುವುದು ಹಿರಿಯರ ವಿಷಯದಲ್ಲಿ ನಮಗೆ ರೂಢಿಯಾದದ್ದೇ ಅಲ್ಲವೆ?

ಇಷ್ಟೇ ಆಗಿದ್ದರೆ ಇನ್ನೊಂದು ಹಾಳೆ ತುಂಬಿತೆಂದು ಸುಮ್ಮನಿರುತ್ತಿದ್ದೆ. ಆದರೆ ಅಂದು ರಾತ್ರಿ ಮಲಗಿದಾಗ, ಈ ಪ್ರಶ್ನೆಯನ್ನು ಹಿಂದೆ ಯಾರೋ ನನ್ನನ್ನು ಕೇಳಿದ್ದರೆಂದು ಅನ್ನಿಸತೊಡಗಿತು. ಬೆಳಗಿನ ಜಾವದ ಹೊತ್ತಿಗೆ ಕೇಳಿದವನ ಮುಖವೂ ಕಂಡಿತು.

1994ನೆಯ ಇಸವಿ. ಎಂಟನೆಯ ತರಗತಿಗೆ ವಿರಾಟಪರ್ವದ ಕಥೆಯನ್ನು ಹೇಳುತ್ತಿದ್ದೆ. ಭೀಮನು ವಲಲನೆಂಬ ಹೆಸರಿನಿಂದ ವಿರಾಟನ ಅಡಿಗೆಯ ಮನೆಯನ್ನು ಸೇರಿದ್ದಾನೆ. ಕೀಚಕನ ಪಾಪದ ಕೊಡ ತುಂಬುತ್ತಿದೆ. ನನ್ನ ಕಂಠವೂ ಏರುತ್ತಿದೆ. ಅಂಥ ಸಮಯದಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ವಲಲ ಹುಳಿಗೆ ಒಣಮೆಣಸಿನಕಾಯಿ ಹಾಕ್ತಿದ್ನಾ, ಹಸಿಮೆಣಸಿನಕಾಯಿ ಹಾಕ್ತಿದ್ನಾ?” ಎಂದು ಕೇಳಿದನು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನನ್ನ ರಸಭಂಗವಾಯಿತು. ನಾನು ಕೋಲನ್ನು ಹಿಡಿದವನಲ್ಲ. ನನಗೆ ಮಾತೇ ಸಾಕಾಗಿತ್ತು. ಆ ಹುಡುಗನ ತಂದೆ ಒಂದು ಹೋಟೆಲಿನಲ್ಲಿ ಅಡಿಗೆಯವರು. “ಅಡಿಗೆಯವನ ಮಗನಿಗೆ ಭಾರತ ಓದಿದರೂ ಒಲೆಯದೇ ಚಿಂತೆ” ಎಂದೆ. ಮತ್ತೆ ನಗು. ಆ ಅವಧಿ ಮುಗಿಯುವ ತನಕ ಅವನನ್ನು ಹೊರಗೆ ನಿಲ್ಲಿಸಿದೆ. ಅವನು ಕುಚೋದ್ಯಕ್ಕಾಗಿ ಕೇಳಿರಲಿಲ್ಲ. ಮುಖವನ್ನು ನೋಡಿದ್ದರೆ ನನಗೆ ಅದು ತಿಳಿಯುತ್ತಿತ್ತು. ಆಮೇಲೆ ಎರಡು ವರ್ಷ ಅವನು ನನ್ನ ಪಾಠದಲ್ಲಿ ಕುಳಿತನು. ಇನ್ನೊಂದು ಪ್ರಶ್ನೆಯನ್ನು ಕೇಳಿದ ನೆನಪು ನನಗಿಲ್ಲ.

ಅವನ ಪ್ರಶ್ನೆಗೆ ಉತ್ತರ ‘ಎರಡೂ ಅಲ್ಲ’ ಎಂಬುದು. ಐದು ಅಕ್ಷರಗಳ ಎರಡು ಮಾತು. ಅದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂಬುದೂ ಗೊತ್ತಿರಲಿಲ್ಲ.

ಅವನು ಈಗ ಪಕ್ಕದ ತಾಲ್ಲೂಕಿನ ಊರಿನಲ್ಲಿ ಬಸ್ ನಿಲ್ದಾಣದ ಎದುರಿಗೆ ಸ್ವಂತ ಹೋಟೆಲನ್ನು ನಡೆಸುತ್ತಾನೆಂದು ವಿಚಾರಿಸಿ ತಿಳಿದುಕೊಂಡೆ. ಏನೋ ನೆವ ಹೇಳಿಕೊಂಡು ಹೋದೆ. ಅವನೇ ಗುರುತಿಸಿ ಗಲ್ಲಾಪೆಟ್ಟಿಗೆಯನ್ನು ಬಿಟ್ಟು ಬಂದು ಕಾಲು ಮುಟ್ಟಿದನು; ತಲೆಯಲ್ಲಿ ನರೆ ಬಂದಿದೆ. ಕಾಫಿ ತರಿಸಿದನು. ನಾನು ಸುತ್ತಿ ಬಳಸಿ ವಿರಾಟಪರ್ವಕ್ಕೆ ಬಂದೆ. “ಹೊರಗೆ ನಿಲ್ಲಿಸಿದ್ದು ಚೆನ್ನಾಗಿ ನೆನಪಿದೆ ಸಾರ್,” ಎಂದು ನಕ್ಕನು, “ಯಾಕೆ ಅನ್ನೋದು ಮರೆತುಹೋಗಿದೆ.”

ಪ್ರಶ್ನೆಯನ್ನು ನಾನೇ ನೆನಪಿಗೆ ತಂದು, ಉತ್ತರವನ್ನೂ ಹೇಳಿದೆ. ಅವನು ಎದುರಿನ ಕುರ್ಚಿಯಲ್ಲಿ ಕುಳಿತುಬಿಟ್ಟನು. “ಹಾಗಾದರೆ ಖಾರಕ್ಕೆ ಏನು ಹಾಕ್ತಿದ್ದ ಸಾರ್?” ಎಂದನು. ಮೆಣಸು, ಹಿಪ್ಪಲಿ, ಶುಂಠಿ ಎಂದೆ. ಅವನು ಕಣ್ಣು ಕಿರಿದು ಮಾಡಿಕೊಂಡು ಮನಸ್ಸಿನಲ್ಲಿಯೇ ಲೆಕ್ಕ ಹಾಕಿ, “ಅರಮನೆ ಅಡಿಗೆ, ಹಾಕಬಹುದು. ನಾನು ಇನ್ನೂರು ಜನದ ಹುಳಿಗೆ ಮೆಣಸು ಹಾಕಿದರೆ ಊಟಕ್ಕೆ ಎಷ್ಟು ಅಂತ ಬೋರ್ಡು ಬರೀಲಿ?” ಎಂದನು. ಮೆಣಸಿನ ಬಳ್ಳಿಗೆ ಮಳೆಯ ನಾಡೂ ಮರದ ಆಸರೆಯೂ ಬೇಕು. ಮೆಣಸಿನಕಾಯಿಯಾದರೋ ಹಿತ್ತಿಲಲ್ಲಿ ಬೀಜ ಎಸೆದರೆ ಬಡವನಿಗೂ ಅದೇ ವರ್ಷ ಫಲ ಕೊಡುತ್ತದೆ. ಅದು ದೇಶವನ್ನೆಲ್ಲ ಗೆದ್ದುದಕ್ಕೆ ಇದು ಮುಖ್ಯ ಕಾರಣ. ನಾನು ಪುಸ್ತಕಗಳನ್ನು ತಿರುವಿಹಾಕಿ ಕಂಡುಕೊಂಡದ್ದನ್ನು ಅವನು ಗಲ್ಲಾಪೆಟ್ಟಿಗೆಯ ಬುದ್ಧಿಯಿಂದ ಒಂದು ಕ್ಷಣದಲ್ಲಿ ಕಂಡನು.

ಕೊನೆಗೆ, ನಾನು ಅಂದು ಆಡಿದ ಮಾತನ್ನೂ ಹೇಳಿದೆ, ಅದಕ್ಕಾಗಿಯೇ ಹೋದದ್ದು. ಅವನಿಗೆ ಅದು ಮೊದಲೇ ನೆನಪಿತ್ತೋ, ಇಲ್ಲವೋ, ನನ್ನ ಮುಖವನ್ನು ಉಳಿಸುವುದಕ್ಕಾಗಿ ಮರೆತಂತೆ ನಟಿಸಿದ್ದನೋ ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಮೇಜಿನ ಮೇಲೆ ಚೆಲ್ಲಿದ್ದ ನೀರನ್ನು ಬೆರಳಿನಿಂದ ಸವರುತ್ತಿದ್ದನು.

“ಅಪ್ಪನ್ನ ಕೇಳಿದ್ದರೆ ಅವತ್ತೇ ಹೇಳ್ತಿದ್ರು ಸಾರ್,” ಎಂದನು. “ರಜಾ ದಿವಸ ಶ್ರಾದ್ಧದ ಅಡಿಗೆಗೆ ಹೋಗ್ತಿದ್ರು.”

ಅಷ್ಟರಲ್ಲಿ ಬಸ್ಸೊಂದು ಬಂದು ನಿಂತಿತು, ಜನ ಒಳನುಗ್ಗಿದರು. ಅವನು ಎದ್ದು ಗಲ್ಲಾಪೆಟ್ಟಿಗೆಯ ಬಳಿಗೆ ಹೋದನು.