ರಾಣಿಯ ಹುರುಳಿ

ಮೈಸೂರು ದಸರೆಯ ಪಾರಂಪರಿಕ ಟಾಂಗಾ ಸವಾರಿ ನೋಡಲು ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಪೇಟ ತೊಟ್ಟವರು, ರೇಷ್ಮೆ ಸೀರೆಯುಟ್ಟವರು ಗಾಡಿ ಹತ್ತುತ್ತಿದ್ದರು. ಅವಳು ಕುದುರೆಯನ್ನೇ ನೋಡುತ್ತಾ, “ತಾತ, ಇದಕ್ಕೆ ವಯಸ್ಸಾಗಿ ಹಲ್ಲು ಹೋದ್ರೆ ಏನು ತಿನ್ನುತ್ತೆ?” ಎಂದಳು. ಐವತ್ತು ವರ್ಷದ ಹಿಂದಿನ ಹುರುಳಿ ಬೇಯುವ ವಾಸನೆ ಮೂಗಿಗೆ ಬಡಿಯಿತು.

ಮಂಡಿ ಮೊಹಲ್ಲಾದಲ್ಲಿ ಅಪ್ಪನದು ಹಿಂಡಿ ಬೂಸಾ ಅಂಗಡಿ. 1968ರ ಸುಮಾರಿಗೆ, ಶಾಲೆ ಬಿಟ್ಟ ಮೇಲೆ ತಕ್ಕಡಿ ನನ್ನ ಕೈಗೆ. ಚಿಕ್ಕ ಗಡಿಯಾರದ ಬಳಿ ಗಾಡಿ ನಿಲ್ಲಿಸುತ್ತಿದ್ದ ಒಬ್ಬ ಜಟಕಾ ಸಾಬರು ನಮ್ಮ ಗಿರಾಕಿ. ಅವರ ಹೆಣ್ಣು ಕುದುರೆ ರಾಣಿಗೆ ಇಪ್ಪತ್ತು ದಾಟಿತ್ತು. ಗಾಡಿಗೆ ಬೇರೆ ಕುದುರೆ ಬಂದಿದ್ದರೂ ಅವಳನ್ನು ಮಾರಿರಲಿಲ್ಲ. ದವಡೆ ಹಲ್ಲು ಸವೆದು, ಹುಲ್ಲನ್ನು ಜಗಿದು ಜಗಿದು ಉಂಡೆ ಮಾಡಿ ಉಗುಳುತ್ತಿದ್ದಳು. ಸಾಬರು ಆ ಉಂಡೆಗಳನ್ನು ದಿನಾ ಎಣಿಸುತ್ತಿದ್ದರು. ಲದ್ದಿಯನ್ನು ಕಡ್ಡಿಯಿಂದ ಬಿಡಿಸಿ, ಅರೆಯದ ಕಾಳು ಇದೆಯೇ ಎಂದು ನೋಡುತ್ತಿದ್ದರು.

ಸಂಜೆ ನೆನೆಹಾಕಿದ ಹುರುಳಿ ಬೆಳಗಿನ ಜಾವ ಒಲೆಯ ಮೇಲೆ. ಅಂಗೈಯಲ್ಲಿ ಹಿಸುಕಿದರೆ ಕರಗಬೇಕು, ಅಷ್ಟು ಬೇಯಬೇಕು. ಅದಕ್ಕೆ ಬೂಸಾ, ಸ್ವಲ್ಪ ಉಪ್ಪು, ಬೆಚ್ಚನೆಯ ನೀರು. ಎರಡಂಗುಲಕ್ಕೆ ಕತ್ತರಿಸಿ ನೆನೆಸಿದ ಗರಿಕೆ. ದಿನಕ್ಕೆ ಐದು ಸಲ, ಒಂದೊಂದು ಸಲಕ್ಕೆ ಒಂದೇ ಬೋಗುಣಿ. “ಮೈ ದೊಡ್ಡದು ಬೇಟಾ, ಹೊಟ್ಟೆ ಚಿಕ್ಕದು” ಎನ್ನುತ್ತಿದ್ದರು.

ಹುಲ್ಲಿನವಳೊಂದಿಗೆ ಅವರ ವ್ಯಾಪಾರ ನೋಡಬೇಕಿತ್ತು. ಕಟ್ಟಿನೊಳಗೆ ಮೊಣಕೈವರೆಗೆ ಕೈ ತೂರಿಸಿ, ತೆಗೆದು ಮೂಸುತ್ತಿದ್ದರು. ಒಮ್ಮೆ ಒಳಗೆ ಬಿಸಿ ತಗುಲಿತು.

“ನಾಲ್ಕಾಣೆದು ಎರಡಾಣೆಗೆ ತಗೊಳಿ ಸಾಬ್ರೇ.”

“ಪುಕ್ಕಟೆ ಕೊಟ್ರೂ ಬೇಡಮ್ಮಾ. ಕೆಟ್ಟದ್ದು ತಿಂದ್ರೆ ನಂಗೆ ವಾಂತಿ ಆಗುತ್ತೆ. ಕುದುರೆಗೆ ವಾಂತಿ ಬರಲ್ಲ.”

ಒಣಗಿದ ಹುಲ್ಲಿನ ಕಟ್ಟಿಗೆ ಚೌಕಾಸಿ ಮಾಡದೆ ಪೂರಾ ನಾಲ್ಕಾಣೆ ಕೊಟ್ಟರು.

ಒಂದು ಸಂಜೆ ನಾನು ಮುದ್ದಿಗೆಂದು ರಾಣಿಗೆ ಒಣ ಹುರುಳಿ ಹಾಕಿದೆ, ಒಂದು ಹಿಡಿಯಲ್ಲ, ಎರಡು ಸೇರು. ರಾತ್ರಿ ಅವಳು ಕಾಲು ಕೆರೆದಳು, ತಿರುಗಿ ತಿರುಗಿ ಪಕ್ಕೆ ನೋಡಿಕೊಂಡಳು, ಮಲಗಿ ಎದ್ದು ಬೆವರಿದಳು. ಸಾಬರು ಗೊಟ್ಟದಲ್ಲಿ ಓಮದ ಕಷಾಯ ಹುಯ್ದು, ಬೆಳಗಾಗುವವರೆಗೆ ಗಲ್ಲಿಯುದ್ದಕ್ಕೂ ನಡೆಸಿದರು. ಲದ್ದಿ ಬಿದ್ದಾಗ ಅವಳ ಕತ್ತಿಗೆ ಹಣೆಯಿಟ್ಟು ನಿಂತರು. ಯಾರು ಹಾಕಿದ್ದು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಇವತ್ತು ಬರೆಯುತ್ತಿದ್ದೇನೆ.

ಅವರು ಮಾಡಿದ್ದೆಲ್ಲ ಸರಿ ಎನ್ನಲಾರೆ. ಬಲವಂತವಾಗಿ ಹುಯ್ದ ಕಷಾಯ ಶ್ವಾಸಕೋಶಕ್ಕೆ ಇಳಿಯಬಹುದು. ಕರುಳು ತಿರುಚಿಕೊಂಡಿದ್ದರೆ ಯಾವ ಓಮವೂ ಬಿಡಿಸದು. ಕುದುರೆಗೆ ಹೊಟ್ಟೆಶೂಲೆ ಬಂದರೆ ಪಶುವೈದ್ಯರನ್ನು ಆ ಗಳಿಗೆಯಲ್ಲೇ ಕರೆಯಬೇಕು. ನಾವು ಮೂಟೆಗಟ್ಟಲೆ ಮಾರಿದ ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಅದನ್ನೇ ವರ್ಷಾನುಗಟ್ಟಲೆ ತಿನ್ನಿಸಿದರೆ ಮೂಳೆ ಸೊರಗುತ್ತದೆ. ಸಾಬರು ಗಾಡಿ ನಿಲ್ಲಿಸುತ್ತಿದ್ದ ಸ್ಟ್ಯಾಂಡಿನಲ್ಲಿ ಹೆಗಲು ಹುಣ್ಣಾದ, ಪಕ್ಕೆಲುಬು ಎದ್ದ ಕುದುರೆಗಳೂ ಇದ್ದವು. ಮುದಿಯಾದವು ಒಂದು ದಿನ ಕಾಣದಾಗುತ್ತಿದ್ದವು. ಎಲ್ಲಿ ಹೋದವೆಂದು ನಾವು ಕೇಳುತ್ತಿರಲಿಲ್ಲ.

ಆಟೋಗಳು ಬಂದವು, ಜಟಕಾಗಳು ಕರಗಿದವು, ನಮ್ಮ ಅಂಗಡಿಯೂ ಮುಚ್ಚಿತು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದಾಗ ಊರು ಪರಂಪರೆ ಹೋಯಿತೆಂದು ಮರುಗಿತು. ಹುಲ್ಲಿನವಳು, ಲಾಳ ಕಟ್ಟುವವನು, ಹುರುಳಿ ಬೇಯಿಸುವವನು ಹೋದಾಗ ಯಾರೂ ಮರುಗಲಿಲ್ಲ. ಗಾಡಿಗೆ ಹೂವು ಸುತ್ತಿ ಫೋಟೊ ತೆಗೆದುಕೊಂಡರೆ ನಮಗೆ ಸಾಕು.

ಮೊಮ್ಮಗಳೊಂದಿಗೆ ಹೋಗಿದ್ದ ಆ ದಿನ ಸವಾರಿಗೆ ಬಂದವರೊಬ್ಬರು ಕುದುರೆಯ ಬಾಯಿಗೆ ಬನ್ನು ಹಿಡಿದರು. ನಾನು ಕೈ ಹಿಡಿದು ತಡೆದೆ, ಅವರಿಗೆ ಬೇಸರವಾಯಿತು. ದಸರೆಗೆ ಬರುವವರೇ, ಬ್ರೆಡ್ಡು, ಬನ್ನು, ಮಿಕ್ಕ ಅನ್ನ ದಯವಿಟ್ಟು ಬೇಡ. ಟಾಂಗಾದವರನ್ನು ಕೇಳಿ, ಅವರು ಹೇಳಿದ್ದನ್ನು ಅವರ ಕೈಗೇ ಕೊಡಿ.