ಐವತ್ತು ಪ್ರತಿಗಳ ಕನ್ನಡಿ

ಕಳೆದ ವರ್ಷ ನನ್ನ ಪಿಎಚ್.ಡಿ. ಪ್ರಗತಿ ಪರಿಶೀಲನೆಗೆ ಬಂದಿದ್ದ ಹಿರಿಯರೊಬ್ಬರು ನಾನು ಕೊಟ್ಟ ಸಾರಾಂಶವನ್ನು ತಿರುವಿ ಹಾಕಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಚೆನ್ನಾಗಿದೆ. ಆದರೆ ಇದನ್ನ ಯಾರು ಓದ್ತಾರೆ?" ಎಂದರು. ಅವರದು ವ್ಯಂಗ್ಯವಲ್ಲ, ಕಾಳಜಿಯೇ. ಇಂಗ್ಲಿಷಿನಲ್ಲಿ ಬರೆದರೆ ಹೊರಗಿನವರೂ ನೋಡುತ್ತಾರೆ, ಕೆಲಸಕ್ಕೂ ಅನುಕೂಲ ಎಂದು ಬಿಡಿಸಿ ಹೇಳಿದರು. ನಾನು ಬರೆಯುತ್ತಿದ್ದದ್ದು ಹತ್ತೊಂಬತ್ತನೆಯ ಶತಮಾನದ ಕನ್ನಡ ಪತ್ರಿಕೆಗಳ ಗದ್ಯದ ಬಗ್ಗೆ: ದೂರದ ಸುದ್ದಿಯನ್ನು ಅವು ಹೇಗೆ ಕನ್ನಡಕ್ಕೆ ತಂದವು, ಇಲ್ಲದ ಪದಗಳನ್ನು ಎಲ್ಲಿಂದ ಹುಡುಕಿದವು ಎಂಬ ಬಗ್ಗೆ. ಹಿರಿಯರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಏಳು ತಿಂಗಳು ಒಂದು ಪುಟವನ್ನೂ ಬರೆಯಲಿಲ್ಲ. ಫೆಲೋಶಿಪ್ಪಿನ ಅವಧಿ ಮಾತ್ರ ತನ್ನ ಪಾಡಿಗೆ ಮುಗಿಯುತ್ತಿತ್ತು.

ಬರೆಯದ ಸಂಶೋಧಕ ಮಾಡುವ ಕೆಲಸವೆಂದರೆ ಇನ್ನಷ್ಟು ಓದುವುದು. ಕಲ್ಲಚ್ಚಿನ ಪತ್ರಿಕೆಗಳನ್ನು ಹುಡುಕುತ್ತಾ ಹೋದವನಿಗೆ ಒಂದು ರಾತ್ರಿ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯ ಜಾಲತಾಣಕ್ಕೆ ಹಾಕಿರುವ ಟಿಬೆಟನ್ ಪತ್ರಿಕೆಯೊಂದರ ಹಳೆಯ ಪುಟಗಳು ಸಿಕ್ಕವು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಅದು ಪತ್ರಿಕೆಯೆಂದು ಯಾರೂ ಹೇಳಬೇಕಿರಲಿಲ್ಲ. ಮೇಲೆ ದೊಡ್ಡ ಅಕ್ಷರದ ಹೆಸರು, ಕೆಳಗೆ ಅಂಕಣಗಳು. ನಮ್ಮ ಹಾಸ್ಟೆಲ್ಲಿನಲ್ಲಿ ಎರಡು ಕೋಣೆ ಆಚೆ ಬೈಲಕುಪ್ಪೆಯ ಗೆಳೆಯನಿದ್ದ. ಬಾಗಿಲು ಬಡಿದು ಎಬ್ಬಿಸಿದೆ. ಅವನು ಕಣ್ಣುಜ್ಜಿಕೊಂಡು ಪರದೆ ನೋಡಿ, "ಮೆಲೋಂಗ್. ಹಂಗಂದ್ರೆ ಕನ್ನಡಿ ಕಣೋ. ನಿಮ್ದು ಕನ್ನಡ, ನಮ್ದು ಕನ್ನಡಿ" ಎಂದು ನಕ್ಕು ಮತ್ತೆ ಮಲಗಲು ಹೋದ.

ನಾಲ್ಕು ವರ್ಷ ಒಂದೇ ಮೆಸ್ಸಿನಲ್ಲಿ ಉಂಡಿದ್ದೇವೆ. ಅವನ ಕನ್ನಡ ಪಿರಿಯಾಪಟ್ಟಣದ ಕನ್ನಡ, ನನ್ನದಕ್ಕಿಂತ ಚುರುಕು. ಅವನ ಭಾಷೆಯ ಒಂದು ಪದದ ಅರ್ಥವನ್ನು ನಾನು ಕೇಳಿದ್ದು ಅದೇ ಮೊದಲು. ಭಾಷಾಂತರದ ಬಗ್ಗೆ ಪ್ರಬಂಧ ಬರೆಯುವವನ ಅವಸ್ಥೆ ಇದು.

ಆ ಪತ್ರಿಕೆಯ ಪೂರ್ತಿ ಹೆಸರಿನ ಅರ್ಥ 'ಬೇರೆ ಬೇರೆ ಸೀಮೆಗಳ ಸುದ್ದಿಯ ಕನ್ನಡಿ' ಎಂದು. ಇಂಗ್ಲಿಷಿನಲ್ಲಿ ಅದು 'ಟಿಬೆಟ್ ಮಿರರ್' ಎಂದು ಹೆಸರಾಯಿತು. ಅದನ್ನು ನಡೆಸಿದವರು ದೋರ್ಜೆ ಥಾರ್ಚಿನ್. ಹುಟ್ಟಿದ್ದು 1890ರಲ್ಲಿ, ಈಗ ಹಿಮಾಚಲ ಪ್ರದೇಶದಲ್ಲಿರುವ ಕಿನ್ನೌರಿನ ಪೂ ಎಂಬ ಹಳ್ಳಿಯಲ್ಲಿ. ಅಂದರೆ ಅವರು ಟಿಬೆಟ್ಟಿನ ಗಡಿಯೊಳಗೆ ಹುಟ್ಟಿದವರಲ್ಲ. ಆ ಊರಿನಲ್ಲಿದ್ದ ಮೊರೇವಿಯನ್ ಮಿಷನರಿಗಳ ಬಳಿ ಕಲಿತರು, ಕ್ರೈಸ್ತರಾಗಿಯೇ ಬದುಕಿದರು. ಯೌವನದಲ್ಲಿ ಡಾರ್ಜಿಲಿಂಗ್ ಸೀಮೆಗೆ ಬಂದು ಪಾಠ ಹೇಳಿದರು, ಕೆಲವು ಕಾಲ ಟಿಬೆಟ್ಟಿನ ಗ್ಯಾನ್ತ್ಸೆಯಲ್ಲಿಯೂ ಮೇಷ್ಟರಾಗಿದ್ದರು, ಕೊನೆಗೆ ಕಾಲಿಂಪಾಂಗ್‌ನಲ್ಲಿ ನೆಲೆ ನಿಂತರು. 'ಗೆರ್ಗನ್' ಎಂದರೆ ಗುರು. ಗೆರ್ಗನ್ ಥಾರ್ಚಿನ್ ಎಂದೂ ಥಾರ್ಚಿನ್ ಬಾಬು ಎಂದೂ ಜನ ಅವರನ್ನು ಕರೆಯುತ್ತಿದ್ದರು.

ಕಾಲಿಂಪಾಂಗ್ ಆಗ ಉಣ್ಣೆಯ ಊರು. ಲಾಸಾ, ಗ್ಯಾನ್ತ್ಸೆಗಳ ಕಡೆಯಿಂದ ಫಾರಿಗೆ ಬಂದು, ಚುಂಬಿ ಕಣಿವೆ ಇಳಿದು, ಜೆಲೆಪ್ ಲಾ ಕಣಿವೆದಾರಿ ಹತ್ತಿ ಇಳಿದರೆ ಕಾಲಿಂಪಾಂಗ್. ಹೇಸರಗತ್ತೆಗಳ ಸಾಲು ಉಣ್ಣೆಯ ಮೂಟೆ ಹೊತ್ತು ಇಳಿಯುತ್ತಿತ್ತು, ಬಟ್ಟೆ, ಕಬ್ಬಿಣದ ಸಾಮಾನು ಹೊತ್ತು ಮರಳುತ್ತಿತ್ತು. ಅದೇ ಹೇಸರಗತ್ತೆಗಳ ಮೇಲೆ ಥಾರ್ಚಿನ್ ಸುದ್ದಿಯನ್ನೂ ಕಳಿಸಿದರು. 1925ರ ಅಕ್ಟೋಬರಿನಲ್ಲಿ ಮೊದಲ ಸಂಚಿಕೆ ಬಂತು. ಸ್ಕಾಟ್ಲೆಂಡಿನ ಮಿಷನ್ನಿನ ನೆರವಿತ್ತು, ನಕಲು ತೆಗೆಯುವ ಒಂದು ಯಂತ್ರವಿತ್ತು, ಅಷ್ಟೇ. ತೆಗೆದದ್ದು ಐವತ್ತು ಪ್ರತಿ. ಹೆಚ್ಚಿನವು ಲಾಸಾದ ಪರಿಚಯದವರಿಗೆ ಹೋದವು. ಒಂದು ಪ್ರತಿ ಹದಿಮೂರನೆಯ ದಲೈ ಲಾಮಾ ಅವರ ಕೈ ಸೇರಿತು. ಅವರು ಮೆಚ್ಚಿ, ನಿಲ್ಲಿಸಬೇಡಿ ಎಂಬ ಅರ್ಥದ ಪ್ರೋತ್ಸಾಹದ ಮಾತು ಬರೆದು ಕಳಿಸಿದರು.

ನನಗೆ ಥಟ್ಟನೆ ನೆನಪಾದದ್ದು ನಮ್ಮ 'ಮಂಗಳೂರ ಸಮಾಚಾರ'. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಹೊರಡಿಸಿದ ಅದೂ ಮಿಷನ್ನಿನ ಕೂಸು, ಕಲ್ಲಚ್ಚಿನದು. ಅದರ ಆಯಸ್ಸು ಬಹಳ ಕಡಿಮೆ. ಮೆಲೋಂಗ್ ಮಾತ್ರ ಎಡವುತ್ತಾ, ತಡವಾಗುತ್ತಾ, ಕೆಲವೊಮ್ಮೆ ತಿಂಗಳುಗಟ್ಟಲೆ ತಪ್ಪುತ್ತಾ 1963ರವರೆಗೆ ಬಂತು. ಟಿಬೆಟನ್ ಭಾಷೆಯಲ್ಲಿ ಅದೇ ಮೊದಲ ಪತ್ರಿಕೆಯೆಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಉತ್ಸಾಹದಿಂದ ಬರೆದುಕೊಂಡಿದ್ದೆ. ಆಮೇಲೆ ಹೊಡೆದುಹಾಕಬೇಕಾಯಿತು. 1904ರಲ್ಲೇ ಲೇಹ್‌ನಲ್ಲಿ ಮೊರೇವಿಯನ್ ಪಾದ್ರಿ ಫ್ರಾಂಕೆ ಒಂದು ಪುಟ್ಟ ಪತ್ರಿಕೆ ನಡೆಸಿದ್ದರು. ಮೊದಲಿಗ ಎಂಬ ಪಟ್ಟ ಹೋದರೂ ಥಾರ್ಚಿನ್ ಅವರ ಮೂವತ್ತೆಂಟು ವರ್ಷಗಳ ತೂಕ ಕಡಿಮೆಯಾಗಲಿಲ್ಲ.

ಇಂಗ್ಲಿಷ್, ಹಿಂದಿ ಪತ್ರಿಕೆಗಳನ್ನು ಓದುವುದು, ಬೇಕಾದದ್ದನ್ನು ಆಯ್ದು ಟಿಬೆಟನ್ನಿಗೆ ತರುವುದು, ಸುಂದರವಾಗಿ ಬರೆಸುವುದು, ಅಚ್ಚು ಹಾಕುವುದು, ಅಂಚೆಗೆ ಹಾಕುವುದು: ಇದು ಅವರ ದಿನಚರಿ. ಪತ್ರಕರ್ತನೂ ಅನುವಾದಕನೂ ಅವರಲ್ಲಿ ಬೇರೆ ಬೇರೆ ಇರಲಿಲ್ಲ. ವಿಮಾನಕ್ಕೆ ಟಿಬೆಟನ್ನಿನಲ್ಲಿ 'ನಮ್‌ಡ್ರು' ಎನ್ನುತ್ತಾರೆ, ಆಕಾಶದ ದೋಣಿ. ವಿದ್ಯುತ್ತಿಗೆ ಮಿಂಚಿನ ಪದವೇ, ನಮ್ಮ ಹಾಗೆಯೇ. ರೈಲಿಗೆ 'ರಿಲಿ', ಅದೂ ಹೆಚ್ಚುಕಡಿಮೆ ನಮ್ಮ ಹಾಗೆಯೇ. ಇಂಥ ಪದಗಳನ್ನು ಯಾರೋ ಒಬ್ಬರು ಕೂತು ಸೃಷ್ಟಿಸುವುದಿಲ್ಲ. ಪತ್ರಿಕೆಯ ಪುಟಗಳಲ್ಲಿ ಮತ್ತೆ ಮತ್ತೆ ಬಂದು, ಓದುವವರ ಬಾಯಲ್ಲಿ ಸವೆದು ನಿಲ್ಲುತ್ತವೆ. ಮುಂದೆ ಥಾರ್ಚಿನ್ ಇಂಗ್ಲಿಷ್, ಟಿಬೆಟನ್, ಹಿಂದಿ ಮೂರೂ ಇರುವ ಕಿರು ನಿಘಂಟೊಂದನ್ನೂ ತಂದರು.

ಗೆಂದುನ್ ಛೋಪೆಲ್ ಎಂಬ ಮಹಾ ಪ್ರತಿಭೆಗೆ ಕಾಲಿಂಪಾಂಗ್‌ನಲ್ಲಿ ಆಸರೆ ಕೊಟ್ಟವರೂ ಇವರೇ. ಛೋಪೆಲ್ 1934ರಲ್ಲಿ ರಾಹುಲ ಸಾಂಕೃತ್ಯಾಯನರ ಜೊತೆ ಭಾರತಕ್ಕೆ ಬಂದ ಸನ್ಯಾಸಿ, ಚಿತ್ರಕಾರ, ಕವಿ. ಪಾಲಿಯ ಧಮ್ಮಪದವನ್ನೂ ಕಾಳಿದಾಸನ ಶಾಕುಂತಲವನ್ನೂ ಟಿಬೆಟನ್ನಿಗೆ ತಂದವರು. 1938ರ ಮೆಲೋಂಗ್‌ನಲ್ಲಿ ಅವರದೊಂದು ಲೇಖನ ಬಂತು. ಭೂಮಿ ದುಂಡಗಿದೆ ಎನ್ನುವುದು ಅದರ ವಾದ. ಮೇರು ಪರ್ವತ ನಡುವೆ, ಸುತ್ತ ದ್ವೀಪಗಳು, ಭೂಮಿ ಚಪ್ಪಟೆ ಎಂದು ನಂಬಿದ್ದ ಮಠಗಳ ಲೋಕಕ್ಕೆ ಆ ಮಾತು ಹೋಯಿತು. ಜಂಬೂದ್ವೀಪದ ಹೆಸರು ಹೇಳಿ ಸಂಕಲ್ಪ ಮಾಡುವ ಮನೆಯಲ್ಲಿ ಬೆಳೆದ ನನಗೆ ಆ ಲೇಖನದ ಧೈರ್ಯ ಅರ್ಥವಾಗುತ್ತದೆ. ಬೌದ್ಧ ಭಿಕ್ಷು ಬರೆದದ್ದನ್ನು ಕ್ರೈಸ್ತ ಸಂಪಾದಕ ಅಚ್ಚು ಹಾಕಿ ಬೌದ್ಧ ಓದುಗರಿಗೆ ಕಳಿಸಿದ. ಛೋಪೆಲ್ 1946ರಲ್ಲಿ ಲಾಸಾಕ್ಕೆ ಮರಳಿದ ಮೇಲೆ ಜೈಲು ಸೇರಿದರು, 1951ರಲ್ಲಿ ತೀರಿಕೊಂಡರು.

ಇಷ್ಟು ಓದುವ ಹೊತ್ತಿಗೆ ನಾನು ಥಾರ್ಚಿನ್ ಅವರ ಅಭಿಮಾನಿಯಾಗಿದ್ದೆ. ಆಗ ಇನ್ನೊಂದು ಸಂಗತಿ ಎದುರಾಯಿತು. ಕಾಲಿಂಪಾಂಗ್ ಗೂಢಚಾರರಿಂದ ತುಂಬಿದ ಊರು. ಯುದ್ಧ ಮುಗಿದ ಮೇಲೆ ಕಿಮುರಾ ಹಿಸಾವೊ ಎಂಬ ಜಪಾನಿ ಗೂಢಚಾರ ಥಾರ್ಚಿನ್ ಅವರ ಅಚ್ಚುಕೂಟದಲ್ಲೇ ಕೆಲಸಕ್ಕಿದ್ದ. ಬ್ರಿಟಿಷ್ ಗುಪ್ತಚರರಿಗೆ ಥಾರ್ಚಿನ್ ಸುದ್ದಿ ಕೊಡುತ್ತಿದ್ದರೆಂಬುದನ್ನು ಅವನ ನೆನಪುಗಳ ಪುಸ್ತಕ ಹೇಳುತ್ತದೆ. ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟೆ. ನನ್ನ ಪ್ರಬಂಧಕ್ಕೆ ಈ ವಿವರ ಬೇಕಿಲ್ಲ, ಬಿಟ್ಟುಬಿಡಬಹುದು ಎಂದು ಮನಸ್ಸು ಸಮಜಾಯಿಷಿ ಕೊಡತೊಡಗಿತು. ಮಿಷನ್ನಿನ ಅಚ್ಚುಕೂಟಗಳ ಬಗ್ಗೆ ಬರೆಯುವಾಗಲೂ ನಾನು ಹೀಗೇ ಮಾಡುತ್ತಾ ಬಂದಿದ್ದೆನಲ್ಲ ಎಂದು ಹೊಳೆದದ್ದು ಆಗಲೇ. ನಿಘಂಟು, ವ್ಯಾಕರಣ, ಪತ್ರಿಕೆಗಳನ್ನು ಕೊಂಡಾಡಿ, ಮತಾಂತರದ ಉದ್ದೇಶವನ್ನು ಒಂದು ಸಾಲಿನಲ್ಲಿ ಮುಗಿಸುತ್ತಿದ್ದೆ. ಅಥವಾ ಎದುರಿನವರು ಬೇರೆ ಪಕ್ಷದವರಾದರೆ ಉದ್ದೇಶವನ್ನೇ ಹಿಗ್ಗಿಸಿ, ನಿಘಂಟನ್ನು ಒಂದು ಸಾಲಿನಲ್ಲಿ ಮುಗಿಸುತ್ತಿದ್ದೆ.

ಅದೇ ಮನುಷ್ಯನ ಮುಂದೆ 1950ರ ದಶಕದಲ್ಲಿ ಇನ್ನೊಂದು ಪರೀಕ್ಷೆ ಬಂತು. ಟಿಬೆಟ್ಟು ಚೀನಾದ ಕೈಗೆ ಹೋಗಿತ್ತು. ಸಿರಿವಂತ ಟಿಬೆಟನ್ ಒಬ್ಬರ ಮೂಲಕ ಚೀನೀ ಅಧಿಕಾರಿಗಳಿಂದ ಮಾತು ಬಂತು: ಚೀನಾದ ವಿರುದ್ಧ ಬರೆಯುವುದನ್ನು ಬಿಟ್ಟು ಟಿಬೆಟ್ಟಿನಲ್ಲಿ ಆಗುತ್ತಿರುವ ಪ್ರಗತಿಯನ್ನು ಬರೆದರೆ ಪ್ರತಿ ಸಂಚಿಕೆಯ 500 ಪ್ರತಿ ಕೊಳ್ಳುತ್ತೇವೆ, ಪತ್ರಿಕೆ ಮುಳುಗದಂತೆ ನೋಡಿಕೊಳ್ಳುತ್ತೇವೆ. ಐವತ್ತು ಪ್ರತಿಯಿಂದ ಶುರು ಮಾಡಿದವನಿಗೆ ಐನೂರು ಎಷ್ಟು ದೊಡ್ಡ ಸಂಖ್ಯೆ! ಅವರು ಒಪ್ಪಲಿಲ್ಲ. ಬ್ರಿಟಿಷರಿಗೆ ಸುದ್ದಿ ಕೊಟ್ಟವರೂ ಅವರೇ, ಐನೂರು ಪ್ರತಿ ಬೇಡವೆಂದವರೂ ಅವರೇ. ಎರಡನ್ನೂ ಒಂದೇ ಪುಟದಲ್ಲಿ ಬರೆಯುವುದು ಕಷ್ಟ, ಆದರೆ ಬೇರೆ ದಾರಿ ಇಲ್ಲ.

ಬೇಸಿಗೆ ರಜೆಗೆ ಮುಂಚೆ ಗೆಳೆಯನ ಜೊತೆ ಅವನ ಊರಿಗೆ ಹೋದೆ. ಆ ವರ್ಷದ ಕೊನೆಗೆ ಅವನು ಕೆನಡಾಕ್ಕೆ ಹೊರಡುವವನಿದ್ದ, ಅಣ್ಣ ಆಗಲೇ ಅಲ್ಲಿದ್ದ. ಮೈಸೂರಿನಿಂದ ಕುಶಾಲನಗರದ ಬಸ್ಸು ಹತ್ತಿದರೆ, ಊರು ತಲುಪುವ ಸ್ವಲ್ಪ ಮುಂಚೆಯೇ ಬೈಲಕುಪ್ಪೆ. ಅಂದಿನ ಮೈಸೂರು ಸರ್ಕಾರ ಕೊಟ್ಟ ಕಾಡುಭೂಮಿಯಲ್ಲಿ 1960ರ ಹೊತ್ತಿಗೆ ನಿರಾಶ್ರಿತರು ಬಂದಿಳಿದ ಜಾಗ ಅದು. ಈಗ ಸೆರಾ ಮಠ, ಬಂಗಾರದ ಗುಡಿ, ಪ್ರವಾಸಿ ಬಸ್ಸುಗಳು. ಗುಡಿಯವರೆಗೆ ನಾನೂ ಎಷ್ಟೋ ಸಲ ಹೋಗಿದ್ದೆ. ಅದರ ಹಿಂದಿನ ಕ್ಯಾಂಪುಗಳ ಮುಸುಕಿನ ಜೋಳದ ಹೊಲಗಳ ಕಡೆ ಕಾಲಿಟ್ಟದ್ದು ಅಂದೇ.

ಗೆಳೆಯನ ತಾತನನ್ನು ಮನೆಯವರೆಲ್ಲ 'ಪೋಲಾ' ಎನ್ನುತ್ತಾರೆ. ಎಪ್ಪತ್ತೊಂಬತ್ತು ವರ್ಷ. ಹದಿಮೂರರ ಹುಡುಗನಾಗಿ ಗಡಿ ದಾಟಿದವರು. ಮೊದಮೊದಲು ಕಾಡು ಕಡಿದರು, ಆಮೇಲೆ ಜೋಳ ಬೆಳೆದರು, ಚಳಿಗಾಲದಲ್ಲಿ ಮೈಸೂರು, ದಾವಣಗೆರೆಗಳ ರಸ್ತೆ ಬದಿಯಲ್ಲಿ ಲೂಧಿಯಾನದ ಸ್ವೆಟರ್ ಮಾರಿದರು. ಉಪ್ಪು ಹಾಕಿದ ಬೆಣ್ಣೆ ಚಹಾ ಕೊಟ್ಟು, "ಕುಡೀರಿ ಸಾರ್" ಎಂದರು. ಗೆಳೆಯ ಮೊಬೈಲಿನಲ್ಲಿ ಮೆಲೋಂಗ್‌ನ ಪುಟ ತೆರೆದು ಅವರ ಮುಂದೆ ಹಿಡಿದ. ನಾನು ಏನೋ ದೊಡ್ಡದು ಆಗುತ್ತದೆಂದು ಕಾದೆ. ಕಣ್ಣೀರು ಬರಬಹುದು, ಇಲ್ಲವೇ ದೇಶದ ಮಾತು ಬರಬಹುದು ಎಂದು. ನನ್ನ ಪ್ರಬಂಧಕ್ಕೆ ಒಂದು ಒಳ್ಳೆಯ ಮುನ್ನುಡಿ ಸಿಗಬಹುದೆಂಬ ಆಸೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಪೋಲಾ ಪುಟವನ್ನು ಬೆರಳಿನಿಂದ ಹಿಗ್ಗಿಸಿ, ಮೂಲೆಯೊಂದರಲ್ಲಿ ನಿಂತು, ನಕ್ಕರು. ಮೊಮ್ಮಗನಿಗೆ ಏನೋ ಹೇಳಿದರು. "ಉಣ್ಣೆ ರೇಟು ನೋಡ್ತಾ ಇದಾರೆ" ಎಂದ ಗೆಳೆಯ. ಪತ್ರಿಕೆಯಲ್ಲಿ ಕಾಲಿಂಪಾಂಗ್ ಪೇಟೆಯ ಧಾರಣೆಯೂ ಇರುತ್ತಿತ್ತು. ಪೋಲಾ ಅವರ ಅಪ್ಪ ಫಾರಿಯಿಂದ ಹೇಸರಗತ್ತೆ ಹೊಡೆಯುತ್ತಿದ್ದವರು, ಅಕ್ಷರ ಬಾರದವರು. ಓದು ಬಂದವರು ಯಾರಾದರೂ ಚಾವಡಿಯಲ್ಲಿ ಗಟ್ಟಿಯಾಗಿ ಓದಿದರೆ ಸುತ್ತ ಕೂತು ಕೇಳುತ್ತಿದ್ದರಂತೆ. ಯುದ್ಧ, ರಾಜರು, ಆಕಾಶದ ದೋಣಿ ಎಲ್ಲ ಕೇಳಿಸಿಕೊಂಡು, ಕೊನೆಗೆ ಉಣ್ಣೆಯ ಬೆಲೆ ಬಂದಾಗ ಎಲ್ಲರೂ ಮಾತು ನಿಲ್ಲಿಸುತ್ತಿದ್ದರಂತೆ.

ಐವತ್ತು ಪ್ರತಿ ಎಂದರೆ ಐವತ್ತು ಓದುಗರಲ್ಲ ಎಂಬ ಸರಳ ಲೆಕ್ಕ ನನಗೆ ಅಲ್ಲಿ ಕೂತಾಗ ತಿಳಿಯಿತು.

1959ರಲ್ಲಿ ಲಾಸಾ ದಂಗೆಯೆದ್ದಿತು, ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ. 1962ರ ಯುದ್ಧದೊಂದಿಗೆ ಜೆಲೆಪ್ ಲಾ ದಾರಿ ಮುಚ್ಚಿತು, ಉಣ್ಣೆಯ ವ್ಯಾಪಾರ ನಿಂತಿತು. ಮರುವರ್ಷ ಮೆಲೋಂಗ್ ನಿಂತಿತು. ಗಡಿಯಾಚೆಗೆ ಪತ್ರಿಕೆ ಕಳಿಸುತ್ತಿದ್ದ ಥಾರ್ಚಿನ್ ಬಾಬು ಈಗ ಆ ಓದುಗರೇ ಬರಿಗೈಯಲ್ಲಿ ತಮ್ಮ ಊರಿಗೆ ಇಳಿದು ಬಂದದ್ದನ್ನು ನೋಡಬೇಕಾಯಿತು. ಅವರು 1976ರಲ್ಲಿ ಕಾಲಿಂಪಾಂಗ್‌ನಲ್ಲೇ ತೀರಿಕೊಂಡರು.

ಹೊರಡುವಾಗ ಪೋಲಾ ನನ್ನನ್ನು ನಿಲ್ಲಿಸಿ, ಅವರದೇ ಕನ್ನಡದಲ್ಲಿ, "ನೀವು ಪೇಪರ್ ಓದೋದಾ?" ಎಂದರು. ಪತ್ರಿಕೆಗಳ ಮೇಲೆ ಸಂಶೋಧನೆ ಮಾಡುವವನೆಂದು ಮೊಮ್ಮಗ ಹೇಳಿದ್ದನ್ನು ಹೀಗೆ ಅರ್ಥ ಮಾಡಿಕೊಂಡಿದ್ದರು. ಹೌದು ಎಂದೆ. "ಜೋಳ ಎಷ್ಟು ಈಗ, ಕ್ವಿಂಟಾಲು?" ನನಗೆ ಗೊತ್ತಿರಲಿಲ್ಲ. ಮೊಬೈಲ್ ತೆಗೆದು, ಪಿರಿಯಾಪಟ್ಟಣದ ಮಾರುಕಟ್ಟೆ ಧಾರಣೆ ಹುಡುಕಿ, ಗಟ್ಟಿಯಾಗಿ ಓದಿದೆ. ಅವರು ತಲೆಯಾಡಿಸಿ ಮೊಮ್ಮಗನ ಕಡೆ ತಿರುಗಿ ಏನೋ ಹೇಳಿದರು. ಗೆಳೆಯ ಅನುವಾದ ಮಾಡಲಿಲ್ಲ. ಬಸ್ಸಿನಲ್ಲಿ ಒತ್ತಾಯಿಸಿ ಕೇಳಿದ ಮೇಲೆ ಹೇಳಿದ: "ನೀನು ಹೋದ್ಮೇಲೆ ಇವನು ಬಂದು ರೇಟು ಓದ್ತಾನಾ ಕೇಳು ಅಂದ್ರು."

ಮುಂದಿನ ವಾರ ಬರೆಯಲು ಕೂತೆ, ಕನ್ನಡದಲ್ಲಿಯೇ. ಮೂರನೆಯ ಅಧ್ಯಾಯ ಈಗ ಹಳೆಯ ಪತ್ರಿಕೆಗಳ ಧಾರಣೆ ಪಟ್ಟಿಗಳಿಂದ ಶುರುವಾಗುತ್ತದೆ. ಗೆಳೆಯ ಕೆನಡಾಕ್ಕೆ ಹೋಗಿ ನಾಲ್ಕು ತಿಂಗಳಾಯಿತು. ಜೋಳದ ಸುಗ್ಗಿಯ ಹೊತ್ತಿಗೆ ಎರಡು ಸಲ ಬೈಲಕುಪ್ಪೆಗೆ ಹೋಗಿ ಬಂದಿದ್ದೇನೆ. ಬೆಣ್ಣೆ ಚಹಾ ಇನ್ನೂ ಅಭ್ಯಾಸವಾಗಿಲ್ಲ.