ಹಾರುವ ಓತಿ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಅಡಕೆಯ ತೋಟಗಳಲ್ಲಿ ಹಾರುವ ಓತಿಯೆಂಬ ಪುಟ್ಟ ಪ್ರಾಣಿಯುಂಟು. ತೊಗಟೆಯ ಬಣ್ಣದಲ್ಲಿ ಮೈಮರೆಸಿಕೊಂಡು ಇರುವೆಗಳನ್ನು ಹೆಕ್ಕುತ್ತಿದ್ದ ಅದು, ಥಟ್ಟನೆ ಪಕ್ಕದ ತೊಗಲನ್ನು ಕೊಡೆಯಂತೆ ಬಿಚ್ಚಿ ಮತ್ತೊಂದು ಮರಕ್ಕೆ ತೇಲಿಹೋಗುವುದು. ಆ ಕೊಡೆಯ ಕಡ್ಡಿಗಳು ನೀಳವಾಗಿ ಬೆಳೆದ ಪಕ್ಕೆಲುಬುಗಳೇ.

ಇಂತಹ ರಚನೆಯು ಕರ್ತೃವಿಲ್ಲದೆ ಆದೀತೆ? ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಹೊಸನಗರದ ರಾಮಚಂದ್ರಾಪುರ ಮಠವು ಅನುಸರಿಸುವ ಶಂಕರಾಚಾರ್ಯರು, ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಸಾಂಖ್ಯರನ್ನು ಎದುರಿಸಿ, ಮನೆ ಅರಮನೆಗಳು ಬುದ್ಧಿವಂತರಾದ ಶಿಲ್ಪಿಗಳಿಂದಲೇ ಆಗುವಂತೆ ಜಗತ್ತೂ ಅಚೇತನದಿಂದ ತಾನಾಗಿ ಆಗಲಾರದೆಂದು ವಾದಿಸಿದರು. ಇಂಗ್ಲೆಂಡಿನ ಪೇಲಿಯು 1802ರಲ್ಲಿ ಗಡಿಯಾರದ ದೃಷ್ಟಾಂತದಿಂದ ಹೇಳಿದುದೂ ಬಹುಮಟ್ಟಿಗೆ ಅದೇ.

1859ರಲ್ಲಿ ಡಾರ್ವಿನ್ ಬೇರೊಂದು ದಾರಿಯನ್ನು ತೋರಿದನು. ಒಂದೇ ತಾಯಿಯ ಮರಿಗಳಲ್ಲಿ ಅಲ್ಪಸ್ವಲ್ಪ ಭೇದವಿರುವುದು ಸಹಜ. ತುಸು ಅಗಲವಾದ ಪಕ್ಕವು ಬೀಳುವ ಮರಿಯನ್ನು ಉಳಿಸಿದರೆ, ಆ ಅಗಲವು ಸಂತಾನಕ್ಕೂ ಇಳಿಯುವುದು. ಅರ್ಧ ರೆಕ್ಕೆಯಿಂದ ಫಲವೇನೆಂದು ಕೇಳುವವರಿಗೆ ಓತಿಯೇ ಉತ್ತರ: ಹಕ್ಕಿಯಂತೆ ರೆಕ್ಕೆ ಬಡಿಯಲಾರದು, ಆದರೂ ಸುಖವಾಗಿ ಬಾಳುತ್ತಿದೆ. ಕುಪ್ಪಳಿಯ ಮನೆತನದ ಪೂರ್ಣಚಂದ್ರ ತೇಜಸ್ವಿಯವರು 1980ರ ‘ಕರ್ವಾಲೊ’ ಕಾದಂಬರಿಯಲ್ಲಿ ಅರಸಿದುದು ಇದನ್ನೇ.

ಹಾಗಾದರೆ ಭಕ್ತನು ಅಂಜಬೇಕೆ? ಜೀವದ ಮೊದಲ ಅಂಕುರ ಹೇಗಾಯಿತೆಂಬುದು ವಿಜ್ಞಾನಕ್ಕೂ ಇನ್ನೂ ಬಗೆಹರಿದಿಲ್ಲ, ನಿಜ. ಆದರೆ ತಿಳಿಯದ ಎಡೆಗಳಲ್ಲೆಲ್ಲ ದೇವರನ್ನು ಕೂರಿಸಹೊರಟರೆ, ತಿಳಿವು ಬೆಳೆದಂತೆ ದೇವರು ಎದ್ದು ಹೋಗಬೇಕಾದೀತು. ಆಚಾರ್ಯರು ಕೇಳಿದುದು ಜಗತ್ತಿನ ಮೂಲವನ್ನು. ಡಾರ್ವಿನ್ ಹೇಳಿದುದು ಪಕ್ಕೆಲುಬಿನ ವೃತ್ತಾಂತವನ್ನು. ಒಂದರ ಉತ್ತರದಿಂದ ಇನ್ನೊಂದನ್ನು ಮುಚ್ಚುವುದು ಎರಡಕ್ಕೂ ಅನ್ಯಾಯ. ಭಕ್ತಿಯು ಓತಿಯ ತೊಗಲನ್ನು ಹಿಡಿದು ನೇತಾಡಬೇಕಾಗಿಲ್ಲ.